ಷರಾ

ಇಲಾಖೆಯ ನಮೂನೆ ಪ್ರತಿ ವರ್ಷ ಕೇಳುತ್ತದೆ:
ಹತ್ತಿರದ ಆಸ್ಪತ್ರೆಗೆ ಎಷ್ಟು ಕಿಲೋಮೀಟರು?
ಹೋದ ಸಲ ಬರೆದಿದ್ದೆ, ಗಾಳಿ ನೋಡಿ ಹೇಳಬೇಕು ಅಂತ.
ಕೆಂಪು ಗೆರೆ ಎಳೆಸಿಕೊಂಡು ವಾಪಸು ಬಂತು ಕಾಗದ:
ಅಂಕಿಯಲ್ಲಿ ನಮೂದಿಸತಕ್ಕದ್ದು.

ಸರಿ, ಅಂಕಿ.
ಈ ಹವಳದ ದಂಡೆಯ ಮೇಲೆ ಮುನ್ನೂರ ಹನ್ನೆರಡು ಜನ.
ನರ್ಸು ಒಬ್ಬಳು, ನಾನು, ಟೆಕಾರಾರಾ.
ಬಿಸಿಲು ಕುಡಿದು ಬದುಕುವ ಫ್ರಿಜ್ಜು ಒಂದು;
ಮೋಡ ಕವಿದರೆ ಅದಕ್ಕಿಂತ ಮೊದಲು ನನಗೆ ಜ್ವರ.
ಅದರಲ್ಲಿ ಮೀನಿಡಲು ಬಂದ ಪಾದ್ರಿಯನ್ನೂ
ಬಾಗಿಲಲ್ಲೇ ತಿರುಗಿಸಿ ಕಳಿಸಿದವಳು.
ಎರಡು ತಿಂಗಳಿಗೊಂದು ಹಡಗು.
ಇನ್ಸುಲಿನ್ ಬರುವುದು ಅದರಲ್ಲೇ, ಅಂಗೈಯಗಲದ ಡಬ್ಬಿಯಲ್ಲಿ,
ಸಕ್ಕರೆಯೂ ಅದರಲ್ಲೇ, ಐವತ್ತು ಕಿಲೋ ಮೂಟೆಗಳಲ್ಲಿ.
ಹುಡುಗರು ಮೂಟೆಯನ್ನೇ ಮೊದಲು ಹೊರುತ್ತಾರೆ.

ಟೆರಾಕಾ ಅಜ್ಜನ ಎಡಗಾಲಿನ ಹೆಬ್ಬೆರಳು
ಮೊದಲು ನೇರಳೆ, ಆಮೇಲೆ ಕಪ್ಪು.
ನೋವಿಲ್ಲ ಅಂತ ನಗುತ್ತಿದ್ದ. ನೋವಿಲ್ಲದ್ದೇ ನನ್ನ ಭಯ.
ರೇಡಿಯೋದಲ್ಲಿ ಡಾಕ್ಟರು, ಗರಗರ ಸದ್ದಿನ ಆಚೆಯಿಂದ:
ಮೊಣಕಾಲ ಕೆಳಗೆ ತೆಗೆಯಬೇಕು,
ಗುರುವಾರದ ವಿಮಾನಕ್ಕೆ ಹತ್ತಿಸಿ.

ಅಜ್ಜ ಹತ್ತಲೊಲ್ಲ.
"ಕಾಲನ್ನು ಅಲ್ಲಿ ಹೂಳುತ್ತಾರೆ, ನನ್ನನ್ನು ಇಲ್ಲಿ.
ಎದ್ದು ಬಾ ಅಂತ ಮೇಲಿನವನು ಕರೆದ ದಿನ
ಕುಂಟಿಕೊಂಡು ಎಷ್ಟು ನೀರು ದಾಟಲಿ?"
ಊರಮಂದಿ ಕೂಡುವ ಮನೇಬಾದ ಚಾಪೆಯ ಮೇಲೆ
ಮೂರು ರಾತ್ರಿ ಇದೇ ಮಾತು.
ಹಿರಿಯರು ನನ್ನ ಕಡೆ ನೋಡಿದರು.
ಮಾತು ಕೊಟ್ಟೆ. ಯಾವ ಕೈಪಿಡಿಯಲ್ಲೂ ಇರಲಿಲ್ಲ ಅದು.

ಗುರುವಾರ ರನ್‌ವೇಯಿಂದ ಹಂದಿಗಳನ್ನು ಓಡಿಸಿ
ಅಜ್ಜನನ್ನು ಹತ್ತಿಸಿದೆವು,
ಪಕ್ಕದ ಸೀಟಿಗೆ ಖಾಲಿ ಲಸಿಕೆ ಪೆಟ್ಟಿಗೆ.

ಮುಂದಿನ ಗುರುವಾರ ಪೆಟ್ಟಿಗೆ ಬಂತು, ಅದೊಂದೇ.
ಪೈಲಟ್ ಸಹಿ ಹಾಕಿಸಿಕೊಂಡ, ಏನಿದೆ ಅಂತ ಕೇಳಲಿಲ್ಲ.
ಆಗ ತಾನೇ ಹುಟ್ಟಿದ ಕೂಸಿನಷ್ಟು ಭಾರ;
ಎಷ್ಟೋ ಕೂಸು ಎತ್ತಿದ ಕೈ, ತೂಕ ತಪ್ಪುವುದಿಲ್ಲ.
ದೀವಿಹಲಸಿನ ಮರದಡಿ, ಅವನ ಹೆಂಡತಿಯ ಮಗ್ಗುಲಲ್ಲಿ
ಒಂದು ಸಣ್ಣ ಗುಂಡಿ.
ಪಾದ್ರಿ ಪುಸ್ತಕದಲ್ಲಿ ತಡಕಾಡಿ ತಡಕಾಡಿ
ಕೊನೆಗೆ ಪ್ರಯಾಣಿಕರ ಪ್ರಾರ್ಥನೆ ಓದಿದ.

ಹೋಗಿ ಇಪ್ಪತ್ತೆಂಟನೆಯ ದಿನ ಅಜ್ಜ ಬಂದ,
ಎರಡು ಊರುಗೋಲಿನ ಮೇಲೆ.
ಮನೆಗೆ ಹೋಗಲಿಲ್ಲ ಮೊದಲು.
ಗುಂಡಿಯ ಹತ್ತಿರ ಬಹಳ ಹೊತ್ತು ನಿಂತು
ಆಳ ಸಾಲದು ಎಂದ, ಏಡಿ ಕೆದಕುತ್ತದೆ.

ಹಾಗಾಗಿ, ಮಾನ್ಯರೇ,
ಒಬ್ಬನೇ ಮನುಷ್ಯನ ಎಡಗಾಲು ಒಂದು ಗುರುವಾರ ಬಂತು,
ಬಲಗಾಲು ಮೂರು ವಾರ ತಡವಾಗಿ.
ನಡುವಿನ ಅಂತರವನ್ನು
ಕಿಲೋಮೀಟರಿಗೆ ನೀವೇ ತಿರುಗಿಸಿಕೊಳ್ಳಿ.

ಷರಾ: ಹೊಸ ಲಸಿಕೆ ಪೆಟ್ಟಿಗೆ ಬೇಕು, ತುರ್ತು.
ಇದನ್ನು ಬ್ಲೀಚಿನಲ್ಲಿ ಏಳು ಸಲ ತೊಳೆದಿದ್ದೇನೆ.
ಆದರೂ ಮೇರೆಯ ಮೂರು ವರ್ಷದ ಮಗಳು
ಮುಚ್ಚಳ ತೆಗೆಯುವಾಗೆಲ್ಲ ಬಗ್ಗಿ ನೋಡಿ ಕೇಳುತ್ತಾಳೆ,
ಈ ಸಲ ಯಾರು ಬಂದರು?