ಉಗುಳಬೇಕಾದ ಬಾಯಿ

ಮೂವತ್ತೊಂದು ವರ್ಷ ಕಾರವಾರದವರ ಬಾಯೊಳಗೆ
ಪುಟ್ಟ ಕನ್ನಡಿ ಹಿಡಿದು ಬಗ್ಗಿದವಳು ನಾನು.
ಈಗ ಕೋಡಿಬಾಗದ ಈ ಮನೆಯ ಹಿಂದೆ
ಪಂಪಿನ ಗೂಡಿನಲ್ಲಿ ಮಂಡಿಯೂರಿದ್ದೇನೆ.
ಅದೇ ಕನ್ನಡಿ, ಅದೇ ಟಾರ್ಚು,
ಮಂಡಿ ಮಾತ್ರ ಅದೇ ಅಲ್ಲ.

ಮನೆ ಮಾರಿದ ತಾಂಡೇಲರು ಟ್ರಾಲರಿನ ಜನ.
ಈಜುಕೊಳದ ಬಗ್ಗೆ ಅವರು ಆಡಿದ್ದು ಎರಡೇ ಮಾತು:
ನೀರು ಚೆನ್ನಾಗಿದೆ.
ಮೇಲಿನ ಬಿಸಿನೀರಿನ ಸಣ್ಣ ತೊಟ್ಟಿ ನಾವು ಬಳಸಿಲ್ಲ,
ನೆಂಟರು ಬಂದಾಗ ಹೊಳೆನೀರು ತುಂಬಿ
ಏಡಿ ಬಿಡುತ್ತಿದ್ದೆವು.

ಚಿರೆಕಲ್ಲಿನ ಗೋಡೆಯಿಂದ ನಾಲ್ಕು ಕೊಳವೆ ಹೊರಬರುತ್ತವೆ,
ಬಿಳಿ ಇದ್ದದ್ದು ಬೀಡಿ ಸೇದುವವರ ಹಲ್ಲಿನಂತೆ ಹಳದಿಯಾಗಿ.
ಮಣ್ಣೊಳಗೆ ಬೇರು ಎತ್ತ ತಿರುಗಿದೆಯೋ
ತೋರಿಸುವ ಎಕ್ಸ್‌ರೇ ಇಲ್ಲ ಇಲ್ಲಿ.
ಬಡಿದು ನೋಡಬೇಕು. ಕಿವಿ ಇಡಬೇಕು.
ಒಂದನ್ನು ಮುಚ್ಚಿ, ಯಾವುದು ನರಳುತ್ತದೆ ಕೇಳಬೇಕು.

ಮೊದಲನೆಯದು ಕೊಳದಿಂದ: ಎಲೆ ಹಿಡಿಯುವ ಬಾಯಿ,
ತಳದ ಜಾಲರಿ, ಎರಡೂ ಎಲ್ಲೋ ಕೆಳಗೆ ಕೂಡಿ ಒಂದಾಗಿ.
ಎರಡನೆಯದು ತೊಟ್ಟಿಯ ತಳದಿಂದ.
ಎರಡೂ ಪಂಪಿಗೆ ಕುಡಿಸುವವು.
ಮೂರನೆಯದು ತಿರುಗಿ ಹೋಗುವ ನೀರು,
ಸೋಸಿಕೊಂಡು ಬಂದು ಇಲ್ಲಿ ಕವಲೊಡೆಯುತ್ತದೆ,
ಇತ್ತ ಕೊಳ, ಅತ್ತ ತೊಟ್ಟಿ,
ನಡುವೆ ಒಂದು ಹಿಡಿಕೆ.
ನಾಲ್ಕನೆಯದು ಆಮೇಲೆ.

ಆ ಹಿಡಿಕೆಗೆ ಬಲೆಯ ನೀಲಿ ದಾರ, ಏಳು ಸುತ್ತು,
ತೊಟ್ಟಿಯ ಕಡೆ ಮುಚ್ಚಿ ಬಿಗಿದ ಗಂಟು.
ತಗಡಿನ ಚೂರಿನ ಮೇಲೆ ಮೊಳೆಯಿಂದ ಕೊರೆದ ಕೊಂಕಣಿ:
ಹಾತ್ ಲಾವ್ನಾಕಾ. ಇನಾಸ್ ಫಿಟ್ಟರ್.
ಇನಾಸ್ ತೀರಿಕೊಂಡು ಕಾಲವಾಯಿತಂತೆ.
ಆದರೆ ನನ್ನ ಕಸುಬು ಕಲಿಸಿದ್ದು ಇಷ್ಟು:
ಮುಟ್ಟಬೇಡಿ ಅನ್ನುವ ಹಲ್ಲೇ
ನೋಯುವ ಹಲ್ಲು.

ಕತ್ತರಿಸಿದೆ. ತಿರುಗಿಸಿದೆ.
ತೊಟ್ಟಿಯ ಆರೂ ಬಾಯಿಗಳು ಕೆಮ್ಮಿ, ಕೆಸರು ಕಾರಿ,
ಆಮೇಲೆ ಒಂದೇ ಉಸಿರಿಗೆ ಉಗುಳಿದವು.
ನೀರು ಅಂಚು ದಾಟಿ ಕೊಳಕ್ಕೆ ಹಾರಿತು.
ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ.

ರಾತ್ರಿ ಪಂಪು ಆರಿಸಿದೆ.
ಬೆಳಿಗ್ಗೆ ತೊಟ್ಟಿಯಲ್ಲಿ ಕೂರುವ ಮೆಟ್ಟಿಲು ಒಣಗಿತ್ತು.

ಸತ್ಯಪ್ಪ ಮಾಜಾಳೀಕರ ಬಂದ, ನೋಡಿದ, ಎಲೆ ಅಡಿಕೆ ಜಗಿದ.
'ಬಿರುಕು, ಬಾಯಿ. ಟೈಲ್ಸ್ ಎಲ್ಲ ಕಿತ್ತು ಹೊಸದು ಹಾಕ್ಬೇಕು.'
ಎಲ್ಲ ಕೀಳಿಸಿ ಅನ್ನುವವರನ್ನು
ನಾನು ಮೊದಲೂ ಕಂಡಿದ್ದೇನೆ.

ಮುರುಗಲು ಹಣ್ಣಿನ ರಸವನ್ನು ಸಿರಿಂಜಿಗೆ ಎಳೆದೆ.
ತೊಟ್ಟಿ ತುಂಬಿ, ಪಂಪು ನಿಲ್ಲಿಸಿ, ಉಸಿರು ಹಿಡಿದು,
ಬಿರುಕಿನ ಬಳಿ ಒಂದು ಹನಿ:
ಕೆಂಪು ಸುಮ್ಮನೆ ತೂಗಿತು, ಹೊಗೆಯಂತೆ.
ಮೂಲೆಗೆ ಒಂದು: ಅಲ್ಲೂ ತೂಗಿತು.
ಚಿಮ್ಮುವ ಬಾಯಿಯ ಎದುರು ಒಂದು:
ದಾರದಂತೆ ಬಾಗಿ, ಒಳಕ್ಕೆ, ಮಾಯ.

ಕುರ್ಚಿಯ ಪಕ್ಕ ನಿಂತು ಮೂವತ್ತೊಂದು ವರ್ಷ
ಹೇಳಿದ್ದೇನೆ, ಉಗುಳಿ, ಉಗುಳಿ.
ಇಲ್ಲಿ ಉಗುಳಬೇಕಾದ ಬಾಯಿ
ನುಂಗುತ್ತಿತ್ತು.

ಮತ್ತೆ ಗೂಡಿಗೆ. ಹಿಡಿಕೆಯಿಂದ ಮೂರು ಗೇಣು ಆಚೆ
ಉಬ್ಬಿದ ಒಂದು ಗಂಟಲು, ನಾಲ್ಕು ತಿರುಪು.
ಬಿಚ್ಚಿದರೆ ಒಳಗೆ ಕೀಲು ಇದೆ, ಕದ ಇಲ್ಲ.
ಹೋಗುವ ನೀರಿಗೆ ತೆರೆದು
ಬರುವ ನೀರಿಗೆ ಮುಚ್ಚಬೇಕಾದ ರಬ್ಬರಿನ ಕದ
ಯಾವ ವರ್ಷವೋ ಕರಗಿ ಹೋಗಿದೆ.
ಮೇಲಿನ ತೊಟ್ಟಿ ರಾತ್ರಿಯಿಡೀ
ತನ್ನದೇ ಗಂಟಲಲ್ಲಿ ಕೆಳಗಿಳಿಯುತ್ತಿತ್ತು.

ಇನಾಸನಿಗೆ ಗೊತ್ತಿತ್ತು.
ಸಾಮಾನು ಸಿಗಲಿಲ್ಲವೋ, ದುಡ್ಡು ಕೊಡಲಿಲ್ಲವೋ,
ದಾರ ಸುತ್ತಿ ಹೋದ.
ಅದು ಎಚ್ಚರಿಕೆ ಅಲ್ಲ, ಚಿಕಿತ್ಸೆ. ತಾತ್ಕಾಲಿಕ ಫಿಲ್ಲಿಂಗು,
ಇಪ್ಪತ್ತೆರಡು ವರ್ಷ.
ನನ್ನ ತಾತ್ಕಾಲಿಕಗಳು ಈ ಊರಲ್ಲಿ
ಯಾರ ಯಾರ ಬಾಯಲ್ಲಿ ಇನ್ನೂ ಅಗಿಯುತ್ತಿವೆಯೋ.

ಹೊಸ ಕದ ಮಡಗಾಂವದಿಂದ ಬಸ್ಸಿನಲ್ಲಿ ಬಂತು,
ಆರುನೂರ ನಲವತ್ತು ರೂಪಾಯಿ,
ಕಂಡಕ್ಟರನಿಗೆ ಚಹಾದ ದುಡ್ಡು ಬೇರೆ.
ಮರುದಿನ ಬೆಳಿಗ್ಗೆ ತೊಟ್ಟಿ ಅಂಚಿನವರೆಗೆ ತುಂಬಿ
ಅಲುಗದೆ ನಿಂತಿತ್ತು, ಮಧ್ಯೆ ಒಂದು ಗಾಳಿಮರದ ಸೂಜಿ.

ಇನ್ನು ನಾಲ್ಕನೆಯದು.
ಮುಚ್ಚಿದರೆ ಯಾವುದೂ ನರಳುವುದಿಲ್ಲ, ತೆರೆದರೆ ಯಾವುದೂ ನಗುವುದಿಲ್ಲ.
ಕಾಳಿ ಹೊಳೆಗೆ ಭರತಿ ಏರುವ ಹೊತ್ತಿಗೆ ಮಾತ್ರ
ಅದರೊಳಗಿಂದ ಯಾರೋ ನಿದ್ದೆಯಲ್ಲಿ
ಮಗ್ಗುಲು ಬದಲಿಸಿದ ಸದ್ದು.

ಇನಾಸನ ತಗಡನ್ನು ತಿರುವಿ
ಹಳೆಯ ಪ್ರೋಬಿನ ಮೊನೆಯಿಂದ ಕೊರೆದು ಅದಕ್ಕೆ ಕಟ್ಟಿದ್ದೇನೆ:
ಇದು ಗೊತ್ತಾಗಿಲ್ಲ.
ಭರತಿಯಲ್ಲಿ ಕಿವಿ ಇಡಿ.