ಇಪ್ಪತ್ತು ದಿನ ಕೈ ಹಾಕ್ಬೇಡಿ

ಶಿವರಾಂಪೇಟೆಯ ಬಣ್ಣದ ಮೀನಿನಂಗಡಿಯಿಂದ
ನಾಲ್ಕು ಗಿಡ ತಂದೆ, ಸಂಜೆಯ ಪ್ಯಾಸೆಂಜರಿನಲ್ಲಿ,
ತೊಡೆಯ ಮೇಲೆ ಪ್ಲಾಸ್ಟಿಕ್ ಕವರು.
ಪಟ್ಟಣದ ಸೇತುವೆ ಮೇಲೆ ರೈಲು ನಿಧಾನಿಸಿತು.
ಕೆಳಗೆ ಅಷ್ಟು ನೀರು.
ನೀರಿನ ಗಿಡವೆಂದು ಕಾಸು ಕೊಟ್ಟು ತಂದದ್ದರ
ಎಲೆ ಮಾತ್ರ ಒಣ, ದಪ್ಪ,
ವೀಳ್ಯದೆಲೆಯ ಹಾಗೆ ಮಿರುಗು.

ಮಂಡ್ಯದ ನೂರಡಿ ರಸ್ತೆ, ನನ್ನ ಕಟಿಂಗ್ ಶಾಪು.
ಕನ್ನಡಿಯೆದುರು ಗಾಜಿನ ತೊಟ್ಟಿ,
ಸರದಿ ಕಾಯುವವರು ನೋಡಲಿ ಅಂತ.
ನೆಟ್ಟೆ. ಎರಡು ದಿನ ಚೆಂದವಿತ್ತು.
ಮೂರನೆಯ ದಿನ ತುದಿ ಕಂದು,
ಐದಕ್ಕೆ ತೂತು,
ವಾರಕ್ಕೆ ಎಲೆಯೆಲ್ಲ ಕರಗಿ ಅಂಬಲಿ.
ಸಕ್ಕರೆ ಕಾರ್ಖಾನೆ ತೂಕದ ಮನೆಯ ಕೆಂಪರಾಜು
ಗಲ್ಲ ಒಡ್ಡಿಕೊಂಡೇ ಕೇಳಿದ:
"ಬಸ್ಸಾರು ಮಾಡ್ತಿದ್ದೀಯೇನ್ಲಾ ಸಣ್ಣಪ್ಪ?"

ಫೋನಿನಲ್ಲಿ ಬೈದೆ.
ಜಬೀವುಲ್ಲಾ ಪೂರ್ತಿ ಬೈಸಿಕೊಂಡು, ಟೀ ಹೀರಿ, ಹೇಳಿದ:
"ಅದು ನೀರಲ್ಲಿ ಬೆಳೆದಿದ್ದಲ್ಲ ಅಣ್ಣ.
ನರ್ಸರೀಲಿ ಬುಡ ಮಾತ್ರ ಒದ್ದೆ, ತಲೆ ಗಾಳೀಲಿ.
ಗಾಳಿ ಕಲಿತ ಎಲೆ, ನೀರು ಬರಲ್ಲ ಅದಕ್ಕೆ.
ಕೊಳೆತದ್ದು ಕತ್ತರಿಸಿ. ಬೆಳಕು ಆರು ಗಂಟೆ ಸಾಕು.
ಬೇರು ಬೆಳ್ಳಗಿದ್ರೆ ಬದುಕಿದೆ ಅಂತ ಅರ್ಥ.
ಬೆಳ್ಳಗಿದೆಯಾ ಅಂತ ಕಿತ್ತು ನೋಡಬೇಡಿ ಮತ್ತೆ.
ಇಪ್ಪತ್ತು ದಿನ ಕೈ ಹಾಕ್ಬೇಡಿ."

ಕತ್ತರಿ ನನಗೆ ಹೇಳಿಕೊಡಬೇಕೆ.
ಮೀಸೆ ಕತ್ತರಿಯಲ್ಲಿ ಬುಡಕ್ಕೆ ಹಿಡಿದೆ,
ಮರಳಲ್ಲಿ ಹೂತುಹೋಗಿದ್ದ ಸುಳಿಯನ್ನು
ಉಗುರಿನಿಂದ ಬಿಡಿಸಿ ಮೇಲಿಟ್ಟೆ.
ನಲ್ಲಿ ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮಲಗಿಸಿ
ಬೆಳಿಗ್ಗೆ ಬದಲಾಯಿಸಿದೆ.
ಉಳಿದದ್ದು ನಾಲ್ಕು ಮೋಟು.

ನನಗಾಗ ಹನ್ನೊಂದು. ಟೈಫಾಯ್ಡು.
ದಿಂಬಿನ ತುಂಬ ಕೂದಲು.
ಅಪ್ಪ ಇದೇ ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿ
ಇದ್ದಬದ್ದದ್ದನ್ನೂ ಬೋಳಿಸಿದ.
ಅವ್ವ ಅತ್ತಳು. ಕತ್ತಿ ಒರೆಸುತ್ತ ಅವನು,
"ಬುಡ ಅದೆ, ಸುಮ್ಕಿರು," ಅಂದ. ಅಷ್ಟೇ.
ಮತ್ತೆ ಬಂದದ್ದು ಗುಂಗುರು,
ನಮ್ಮ ಕಡೆ ಯಾರ ತಲೆಯಲ್ಲೂ ಇಲ್ಲದ ಗುಂಗುರು.
ಬಹಳ ದಿನ ಅವ್ವ ಎಣ್ಣೆ ಹಚ್ಚುವಾಗ
ಬೇರೆಯವರ ಮಗನನ್ನು ಮುಟ್ಟಿದ ಹಾಗೆ ಮುಟ್ಟುತ್ತಿದ್ದಳು.

ಹದಿನೇಳನೆಯ ದಿನ, ಭಾನುವಾರ,
ಬೆಂಚು ತುಂಬ ಜನ,
ಸುಳಿಯಲ್ಲೊಂದು ಎಳೆ.
ತೆಳು, ಕಿರಿದು, ಬೆಳಕು ಆಚೆ ಹಾಯುವಷ್ಟು.
ಹಳೆಯದರ ಮುಖವೇ ಇಲ್ಲ.
"ಬೇರೆ ಗಿಡ ತಂದ್ಯಾ?" ಅಂದ ಕೆಂಪರಾಜು.
ಹೂಂ ಅಂದೆ.

ಮಂಗಳವಾರ ಅಂಗಡಿಗೆ ರಜೆ.
ಷಟರ್ ಅರ್ಧ ಎತ್ತಿ, ಪೈಪಿಟ್ಟು ನೀರಿಳಿಸುತ್ತೇನೆ.
ಇಳಿದ ಹಾಗೆ ಹೊಸ ಎಲೆಗಳು ನಿಲ್ಲಲಾರದೆ
ಮರಳಿಗಂಟಿ ಮಲಗುತ್ತವೆ,
ತೊಯ್ದ ಕೂದಲಿನಂತೆ.
ಗಾಳಿಯಲ್ಲಿ ನೆಟ್ಟಗೆ ನಿಂತು
ರೈಲು ಹತ್ತಿ ಬಂದ ಗಿಡ ಇದು.

ಅಂಗೈ ಅಡ್ಡವಿಟ್ಟು, ಚೊಂಬಿನಿಂದ,
ಮರಳು ಕದಡದ ಹಾಗೆ ಸುರಿಯುತ್ತೇನೆ.
ಒಂದೊಂದಾಗಿ ಏಳುತ್ತವೆ,
ಕನ್ನಡಿಯಲ್ಲೂ.