ಒಂದು ಬಾನೆಟ್ಟು, ಎರಡು ಪಾಲು

ಕೋಡಿಬಾಗದ ಶೆಡ್ಡಿನಲ್ಲಿ, ಗುಜರಿಯಿಂದ ತಂದ ಕರೀ ಬಾನೆಟ್ಟಿಗೆ
ನಡುವೆ ಟೇಪು ಹಚ್ಚಿ ಪಾಲು ಮಾಡಿದೆ.

ಎಡಕ್ಕೆ ಇನಾಸ್ ಮೇಸ್ತ್ರಿಯ ರೋಟರಿ.
ಒಂದೇ ಅಚ್ಚು, ಒಂದೇ ಹಟ, ಗಾಣದೆತ್ತು.
ಮೂರು ಸುತ್ತಿಗೆ ಗೀರು ಮಾಯ,
ನಾಲ್ಕನೆಯದಕ್ಕೆ ಅಂಚಿನಲ್ಲಿ ಬಣ್ಣವೂ ಮಾಯ.
ಒಳಗಿನ ಪ್ರೈಮರು ಬೂದಿಗಣ್ಣು ಬಿಟ್ಟಿತು.
"ಕೈ ಪಳಗಬೇಕು, ಸುಲಕ್ಷಾ" ಎಂದ,
ಚಹಾದ ಗ್ಲಾಸು ಎತ್ತಿದ.
ಮೂವತ್ತು ವರ್ಷ ಪಳಗಿದ ಕೈ.
ಚಹಾ ಮಣಿಕಟ್ಟಿಗೆ ಚೆಲ್ಲಿತು.

ಬಲಕ್ಕೆ ಹುಬ್ಬಳ್ಳಿಯವನು ನೋಡಲು ಕೊಟ್ಟ ಡ್ಯೂಯಲ್ ಆ್ಯಕ್ಷನ್.
"ಆಯಿಯ ಒರಳು!" ಎಂದುಬಿಟ್ಟೆ.
ಗುಂಡು ತಾನೂ ತಿರುಗುತ್ತ, ಕುಳಿಯ ಸುತ್ತಲೂ ತಿರುಗುತ್ತ,
ಬಂಗಡೆಗೆ ಮಸಾಲೆ, ಅವಸರವಿಲ್ಲ.
ಹೆಚ್ಚು ಒತ್ತಿದರೆ ಮುನಿಸಿಕೊಂಡು ನಿಂತೇ ಬಿಡುತ್ತದೆ.
ಮುಕ್ಕಾಲು ಗಂಟೆ.
ಆಳದ ಗೀರು ಪೂರ್ತಿ ಹೋಗಲಿಲ್ಲ; ಸುಳಿಗಳು ಹೋದವು.
ಟ್ಯೂಬ್‌ಲೈಟು ಬಾನೆಟ್ಟಿನೊಳಗೆ ನೆಟ್ಟಗೆ ಮಲಗಿತು.

ನಡುಗುವುದನ್ನೆಲ್ಲ ಅದೇ ನಡುಗಿ ಮುಗಿಸುತ್ತದೆ,
ನನ್ನ ಕೈಗೆಂದು ಬಾಕಿ ಇಡುವುದಿಲ್ಲ.

ಚೀಟಿ ಎತ್ತಿದ ದುಡ್ಡು ಒಂದಕ್ಕೇ ಸಾಕು. ಎಣಿಸಿ ಕೊಟ್ಟೆ.
ಬಣ್ಣ ಕೂದಲಿಗಿಂತ ತೆಳು, ಅದೂ ಬೇರೆಯವರದು,
ಉಜ್ಜಿ ತೆಗೆದದ್ದನ್ನು ತಿರುಗಿ ಕೊಡಲಾಗುವುದಿಲ್ಲ.

ಇನಾಸ್ ಮುಖ ಬಾಡಲಿಲ್ಲ. ವೈರು ಮೊಣಕೈಗೆ ಸುತ್ತಿಕೊಂಡ.
"ಬೈತಖೋಲಕ್ಕೆ ಹೋಗ್ತೆ. ಫೈಬರ್ ದೋಣಿಯ ಚರ್ಮ ದಪ್ಪ,
ಅಲ್ಲಿ ನಿನ್ನ ಒರಳು ಸಾಲದು."

ಅವನು ಸರಿಸಿದ ಬಾಗಿಲಿನಿಂದ
ಕಾಳಿಯ ಸೇತುವೆ ಕಡೆಯ ಗಾಳಿ ಒಳಬಂದು
ಉಪ್ಪು ಹಚ್ಚತೊಡಗಿತು
ಎರಡೂ ಪಾಲಿಗೆ,
ಟೇಪಿಗೂ.